ಬೆನ್ನು ಕೊಟ್ಟು ಎತ್ತಿದ ಬೈಕು

"ಗುರುಗಳೇ, ಪಡೆದವನಿಗೇ ತಿಳಿಯದಂತೆ ಮಾಡಿದ ಉಪಕಾರ ಎಲ್ಲಕ್ಕಿಂತ ದೊಡ್ಡದಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

"ಯಾರಿಗೆ ಮಾಡುತ್ತಿದ್ದೀಯೆ?" ಎಂದರು ಗುರುಗಳು.

"ಹೆಸರು ಬೇಡ. ನನ್ನ ಜೊತೆಯವನೇ ಒಬ್ಬ. ತನ್ನ ಬಲದಿಂದಲೇ ನಿಂತಿದ್ದೇನೆ ಎಂದುಕೊಂಡಿದ್ದಾನೆ. ಅವನ ಮುಖ ನೋಡಿದರೆ ನನಗೆ ತೃಪ್ತಿಯಾಗುತ್ತದೆ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಆರು ಮಂದಿ ಗೆಳೆಯರಿದ್ದರು. ಟಾರು ರಸ್ತೆಯಲ್ಲೂ ಕಲ್ಲುಮಣ್ಣಿನ ದಾರಿಯಲ್ಲೂ ಓಡುವಂಥ ಎತ್ತರದ ಬೈಕುಗಳು ಅವರ ಬಳಿ ಇದ್ದವು. ವರ್ಷಕ್ಕೊಮ್ಮೆ, ಮಳೆ ನಿಂತು ನೆಲ ಗಟ್ಟಿಯಾದ ಮೇಲೆ, ಅವರು ಹಲವು ದಿನಗಳ ಸವಾರಿ ಹೊರಡುತ್ತಿದ್ದರು. ಗುಡ್ಡ ಹತ್ತುವರು, ಹಳ್ಳ ದಾಟುವರು, ಕತ್ತಲಾದ ಕಡೆ ಡೇರೆ ಹಾಕುವರು. ಅವರಲ್ಲೊಬ್ಬ ಬಡಗಿ. ದಾರಿ ಬಲ್ಲವನಾದ್ದರಿಂದ ಅವನೇ ಮುಂದಾಳು. ಇನ್ನೊಬ್ಬ ಬಟ್ಟೆ ವ್ಯಾಪಾರಿ, ಬಡಗಿಗೆ ಚಿಕ್ಕಂದಿನ ಗೆಳೆಯ.

ಹೊರಡುವ ಹಿಂದಿನ ಸಂಜೆ ಎಲ್ಲರೂ ಬಡಗಿಯ ಅಂಗಳದಲ್ಲಿ ಸೇರಬೇಕು. ಟ್ಯಾಂಕು ತುಂಬಿಸಿ, ಸಾಮಾನು ಬಿಗಿದು, ಬೈಕನ್ನು ನೆಲಕ್ಕೆ ಮಲಗಿಸಬೇಕು. ಯಾರ ಬೈಕೋ ಅವನೇ ಅದನ್ನು ಎತ್ತಿ ನಿಲ್ಲಿಸಬೇಕು. ಬೇರೆಯವರು ಮುಟ್ಟುವಂತಿಲ್ಲ. ಆಗದಿದ್ದರೆ ಸಾಮಾನು ಇಳಿಸಿ ಮತ್ತೆ ಪ್ರಯತ್ನಿಸಬಹುದು. ಮೂರನೆಯ ಸಲವೂ ಆಗದಿದ್ದರೆ ಆ ವರ್ಷ ಅವನು ಮನೆಯಲ್ಲಿ ಉಳಿಯಬೇಕು. ಇದಕ್ಕೆ ಕಾರಣವಿತ್ತು. ದೂಳಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬಹಳ ಅಂತರ ಬಿಟ್ಟು ಹೋಗಬೇಕಾಗುತ್ತದೆ. ಬಿದ್ದವನ ಹತ್ತಿರ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಬಡಗಿ ಆ ಸಂಜೆ ಇನ್ನೊಂದು ಮಾತನ್ನೂ ನೆನಪಿಸುತ್ತಿದ್ದ: ದಾರಿಯಲ್ಲಿ ಬಿದ್ದ ಬೈಕನ್ನು ಎತ್ತಲಾಗದವನು ಹಾರ್ನ್ ಒತ್ತಬೇಕು, ನೆರಳಿಗೆ ಹೋಗಿ ಕೂರಬೇಕು.

ಆ ವರ್ಷ ವ್ಯಾಪಾರಿ ಮಳೆಗಾಲವಿಡೀ ಹಾಸಿಗೆ ಹಿಡಿದಿದ್ದ. ಎದ್ದಾಗ ಅಂಗಿ ಮೈಮೇಲೆ ಜೋಲುತ್ತಿತ್ತು. ಆದರೂ ತಯಾರಿ ಶುರುಮಾಡಿದ. ಟೈರು ಬದಲಿಸಿದ. ಚೈನಿಗೆ ಎಣ್ಣೆ ಹಾಕಿದ. ಪಂಕ್ಚರ್ ಹಾಕುವುದನ್ನು ಅಂಗಡಿಯ ಹಿತ್ತಲಲ್ಲಿ ಮತ್ತೆ ಮತ್ತೆ ಮಾಡಿ ರೂಢಿ ಮಾಡಿಕೊಂಡ. ಡೇರೆಯ ಹರಿದ ಅಂಚನ್ನು ತಾನೇ ಹೊಲಿದ. ಬೈಕು ಎತ್ತುವುದನ್ನು ಮಾತ್ರ ಒಮ್ಮೆಯೂ ಪ್ರಯತ್ನಿಸಲಿಲ್ಲ. ಆಗದೆ ಹೋದರೆ ಎಂಬ ಭಯ ಅವನಿಗೆ.

ಬಡಗಿಯ ಬಳಿ ಮಾತ್ರ ಒಂದು ದಿನ ಹೇಳಿದ್ದ: "ಆಚಾರೀ, ಈ ಸಲ ಉಳಿದುಬಿಟ್ಟರೆ ನನ್ನ ಕತೆ ಮುಗಿಯಿತು. ಮತ್ತೆ ಹಾಸಿಗೆಗೇ ಹೋಗುತ್ತೇನೆ. ನನಗೆ ಗೊತ್ತು."

ಆ ಸಂಜೆ ಬಂತು. ಉಳಿದವರೆಲ್ಲ ತಮ್ಮ ತಮ್ಮ ಬೈಕು ಎತ್ತಿ ನಿಲ್ಲಿಸಿದರು. ವ್ಯಾಪಾರಿಯ ಸರದಿ ಬಂದಾಗ ಒಬ್ಬ ತಮಾಷೆ ಮಾಡಿದ: "ಏನು ಸಾಹುಕಾರರೇ, ಅಂಗಡಿಯನ್ನೇ ಕಟ್ಟಿಕೊಂಡು ಬಂದಿದ್ದೀರಾ?"

"ದಾರಿಯಲ್ಲಿ ನಿನ್ನ ಚಡ್ಡಿ ಹರಿದರೆ ನನ್ನ ಹತ್ತಿರವೇ ಬರುತ್ತೀಯ, ಸುಮ್ಮನಿರು" ಎಂದ ವ್ಯಾಪಾರಿ. ಎಲ್ಲರೂ ನಕ್ಕರು.

ಅಂಥ ಬೈಕು ಎತ್ತುವುದಕ್ಕೆ ಒಂದು ಕ್ರಮವಿದೆ. ಎದುರು ನಿಂತು ಎತ್ತಿದರೆ ಸೊಂಟ ಹೋಗುತ್ತದೆ. ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಬೆನ್ನು ಒತ್ತಿ ಕುಕ್ಕರಗಾಲಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಕ್ಯಾರಿಯರಿಗೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತ ಏಳಬೇಕು. ಎತ್ತುವವನಿಗೆ ಬೈಕು ಕಾಣುವುದಿಲ್ಲ.

ವ್ಯಾಪಾರಿ ಹಾಗೆ ಕುಳಿತು ತಳ್ಳಿದ. ಬೈಕು ಅಲುಗಲಿಲ್ಲ. ಡೇರೆ ಇಳಿಸಿದ, ಅಡುಗೆಯ ಪಾತ್ರೆ ಇಳಿಸಿದ. ಎರಡನೆಯ ಸಲ ಬೈಕು ಮೊಣಕಾಲೆತ್ತರಕ್ಕೆ ಬಂದು ಮತ್ತೆ ಬಿತ್ತು. ಈಗ ಯಾರೂ ನಗುತ್ತಿರಲಿಲ್ಲ. ವ್ಯಾಪಾರಿ ಇನ್ನೇನೂ ಇಳಿಸಲಿಲ್ಲ. ಇಳಿಸುವಂಥದ್ದು ಉಳಿದಿರಲಿಲ್ಲ. ಮೂರನೆಯ ಸಲ ಕುಳಿತ. ಅವನ ತೊಡೆ ನಡುಗುತ್ತಿತ್ತು.

ಬಡಗಿ ಬೈಕಿನ ಹಿಂಬದಿಗೆ ಬಂದ. ಚಕ್ರ ನೋಡುವವನಂತೆ ಬಗ್ಗಿ, ಕ್ಯಾರಿಯರಿನ ಅಡಿಗೆ ಕೈ ಕೊಟ್ಟು ಎತ್ತಿದ. ಬೈಕು ಎದ್ದು ನಿಂತಿತು. ವ್ಯಾಪಾರಿ ಏದುಸಿರು ಬಿಡುತ್ತ ತಿರುಗಿ ನೋಡಿದ. ಬಡಗಿ ಚಪ್ಪಾಳೆ ತಟ್ಟುತ್ತಿದ್ದ. ಉಳಿದ ನಾಲ್ವರೂ ಕಂಡಿದ್ದರು. ಒಂದು ಗಳಿಗೆ ತಡೆದು ಅವರೂ ತಟ್ಟಿದರು.

ವ್ಯಾಪಾರಿಯ ಕಣ್ಣು ತುಂಬಿತು. "ನೋಡಿದೆಯಾ ಆಚಾರೀ, ಇನ್ನೂ ಇದೆ ಮೈಯಲ್ಲಿ" ಎಂದ. ಇಳಿಸಿದ್ದ ಡೇರೆಯನ್ನೂ ಪಾತ್ರೆಯನ್ನೂ ತಂದು ಮತ್ತೆ ಬಿಗಿದ. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ಮೊದಲ ಎರಡು ದಿನ ಅವನಷ್ಟು ಸಂತೋಷವಾಗಿದ್ದವರು ಆ ಗುಂಪಿನಲ್ಲಿ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಾನೇ ಮುಂದೆ ಬಂದು, "ಇವತ್ತು ಕೊನೆಯಲ್ಲಿ ನಾನು ಬರುತ್ತೇನೆ" ಎಂದ. ಕೊನೆಯವನ ಹಿಂದೆ ಯಾರೂ ಇರುವುದಿಲ್ಲ. ಆ ಜಾಗವನ್ನು ಅವರು ಗಟ್ಟಿಗನಿಗೇ ಬಿಡುತ್ತಿದ್ದರು. ಬಡಗಿ ಅವನ ಮುಖ ನೋಡಿದ. ನೆಲ ನೋಡಿದ. "ಆಗಲಿ" ಎಂದ.

ಮಧ್ಯಾಹ್ನ ಒಂದು ಒಣಗಿದ ಹೊಳೆ ಅಡ್ಡ ಬಂತು. ಬರೀ ಮರಳು. ಐವರು ಒಬ್ಬೊಬ್ಬರಾಗಿ ದಾಟಿ, ತಿರುವಿನಾಚೆ ಒಂದು ಆಲದ ಮರದ ಕೆಳಗೆ ನಿಂತರು. ವ್ಯಾಪಾರಿ ಬರಲಿಲ್ಲ.

"ನೋಡಿಕೊಂಡು ಬರಲೇ?" ಎಂದು ಒಬ್ಬ ಕೇಳಿದ.

"ಈಗಲೇ ಹೋದರೆ ನಮಗೆ ಅವನ ಮೇಲೆ ನಂಬಿಕೆಯಿಲ್ಲವೆಂದು ಗೊತ್ತಾಗುತ್ತದೆ. ಸ್ವಲ್ಪ ತಾಳು" ಎಂದ ಬಡಗಿ. ಹಾರ್ನ್ ಕೇಳಿಸುತ್ತದೆಯೇ ಎಂದು ಕಿವಿಗೊಟ್ಟು ಕುಳಿತ. ಕೇಳಿಸಲಿಲ್ಲ. ಬಿಸಿಲು ಸುಡುತ್ತಲೇ ಇತ್ತು. ಕೊನೆಗೆ ಒಬ್ಬನನ್ನು ಮರದ ಬಳಿ ಬಿಟ್ಟು ಉಳಿದವರು ಹಿಂದಿರುಗಿದರು.

ಬೈಕು ಹೊಳೆಯ ನಡುವೆ ಬಿದ್ದಿತ್ತು. ವ್ಯಾಪಾರಿ ಸೀಟಿಗೆ ಬೆನ್ನು ಕೊಟ್ಟು ಕುಳಿತಿದ್ದ. ಒಂದು ಕೈ ಹ್ಯಾಂಡಲ್ಲಿನಲ್ಲಿ, ಇನ್ನೊಂದು ಕ್ಯಾರಿಯರಿನಲ್ಲಿ. ತಲೆ ಎದೆಯ ಮೇಲೆ ಬಾಗಿತ್ತು. ಉಸಿರಿರಲಿಲ್ಲ. ಸಾಮಾನನ್ನೆಲ್ಲ ಬಿಚ್ಚಿ ಮರಳಿನ ಮೇಲೆ ಸಾಲಾಗಿ ಇಟ್ಟಿದ್ದ. ಅವನ ಕಾಲಿನ ಮುಂದೆ ಹಿಮ್ಮಡಿ ಜಾರಿದ ಗೀರುಗಳಿದ್ದವು. ಒಂದರ ಮೇಲೊಂದು ಬಿದ್ದು ಅಲ್ಲಿ ಸಣ್ಣ ಗುಂಡಿಯೇ ಆಗಿತ್ತು. ದಡದಲ್ಲಿ ಹೊಂಗೆಯ ನೆರಳಿತ್ತು. ಅತ್ತ ಹೋದ ಹೆಜ್ಜೆ ಒಂದೂ ಇರಲಿಲ್ಲ.

ಬಡಗಿ ಬಗ್ಗಿ ಹಾರ್ನ್ ಒತ್ತಿ ನೋಡಿದ. ಅದು ಸರಿಯಾಗಿತ್ತು. ಆ ಸದ್ದಿಗೆ, ಆಲದ ಮರದ ಬಳಿ ಉಳಿದಿದ್ದವನು ಓಡಿ ಬಂದ.

"ಒತ್ತಿದ್ದರೆ ಬರುತ್ತಿದ್ದೆವಲ್ಲ, ಯಾಕೆ ಒತ್ತಲಿಲ್ಲ?" ಎಂದ ಅವನು.

ಬಡಗಿಗೆ ಉತ್ತರ ಗೊತ್ತಿತ್ತು. ಹಾರ್ನ್ ಒತ್ತಬೇಕಾದ್ದು ಎತ್ತಲಾಗದವನು.

ಆಮೇಲೆ ಆ ಗೆಳೆಯರು ಎಲ್ಲಿಗೂ ಹೊರಡಲಿಲ್ಲ. ಬಡಗಿ ಊರಿನಲ್ಲೇ ಇದ್ದಾನೆ. ಕೆಲಸ ಮಾಡುತ್ತಾನೆ, ಮಾತು ಕಡಿಮೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನನ್ನು ಮನೆಯಲ್ಲೇ ಬಿಟ್ಟು ಹೋಗಬೇಕಿತ್ತೇ? ಬಿದ್ದವನಿಗೆ ಕೈ ಕೊಟ್ಟದ್ದು ತಪ್ಪೇ?"

ಗುರುಗಳು ಹೇಳಿದರು: "ವ್ಯಾಪಾರಿ ತಿರುಗಿ ನೋಡಿದಾಗ ಆ ಕೈ ಏನು ಮಾಡುತ್ತಿತ್ತು?"