ಓಗೊಟ್ಟ ಬಂಡೆ

ಬಿಳಿಕೊಡೆ ಬೆಟ್ಟದ ನೆತ್ತಿ ಹತ್ತಿದವರು ಅಲ್ಲಿಂದ ಪಡುವಣಕ್ಕೆ ಚಾಚಿಕೊಂಡ, ಕತ್ತಿಯಂಚಿನಂಥ ಕಲ್ಲಿನ ಏಣನ್ನು ದಾಟಿದರೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಏಣು ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಕಿರಿದು. ಎರಡೂ ಕಡೆ ಪಾತಾಳ. ಬಂಡೆಯ ಮೇಲೆ ನಿಂತರೆ ಮಡಿಕೆ ಮಡಿಕೆಯಾಗಿ ಹುಲ್ಲುಗುಡ್ಡಗಳು, ಕಣಿವೆಗಳ ಸಂದಿಯಲ್ಲಿ ಕಪ್ಪಗೆ ಶೋಲಾ ಕಾಡು, ಮಳೆಗಾಲ ಕಳೆದ ಶುಭ್ರ ದಿನಗಳಲ್ಲಿ ಬಾನಂಚಿಗೆ ಬೆಳ್ಳಿಗೆರೆಯಂತೆ ಕಡಲು. ಇದಕ್ಕೆ ಓಗೊಟ್ಟ ಬಂಡೆ ಎಂದು ಹೆಸರು. ಕೂಗಿದರೆ ಮಾರ್ದನಿ ಬರುವುದರಿಂದ ಈ ಹೆಸರೆಂದು ಹೊಸಬರು ತಿಳಿಯುತ್ತಾರೆ. ಅಲ್ಲಿ ಮಾರ್ದನಿ ಬರುವುದಿಲ್ಲ. ಮೂರು ಕಡೆ ಬಯಲು, ಹೋದ ದನಿ ಹೋದಂತೆಯೇ. ಹೆಸರಿನ ಕಥೆ ಬೇರೆಯಿದೆ ಎನ್ನುತ್ತಾರೆ ಬೆಟ್ಟದ ಬುಡದ ಕೆರೆಮಕ್ಕಿಯ ಹಿರಿಯರು.

ಹಿಂದೆ ಒಮ್ಮೆ, ಘಟ್ಟದ ಮೇಲಕ್ಕೆ ಎತ್ತುಗಳ ಬೆನ್ನೇರಿ ಉಪ್ಪು ಬರುತ್ತಿದ್ದ ಕಾಲದಲ್ಲಿ, ಕೆರೆಮಕ್ಕಿಯಲ್ಲಿ ದುಗ್ಗವ್ವ ಎಂಬಾಕೆಯಿದ್ದಳು. ಕಡಲ ದಂಡೆಯಲ್ಲಿ ಹುಟ್ಟಿದವಳು. ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಮತ್ತೆ ಇಳಿದಿರಲಿಲ್ಲ. ಕಣ್ಣಿಗೆ ಪೊರೆ ಬರತೊಡಗಿದಾಗ, ಕಾಣುವಷ್ಟು ದಿನದೊಳಗೆ ಒಮ್ಮೆ ಕಡಲು ನೋಡಬೇಕೆಂಬ ಹಂಬಲ ಹತ್ತಿತು. ಮಗ ಎತ್ತುಗಳ ಜೊತೆ ದೂರ ಹೋಗಿದ್ದ. ಸೊಸೆ ಬೊಮ್ಮಕ್ಕ ತನ್ನ ಎಂಟು ತಿಂಗಳ ಕೂಸನ್ನು ನೆರೆಯವಳ ಮಡಿಲಿಗೆ ಹಾಕಿ, "ಬನ್ನಿ ಅತ್ತೆಮ್ಮ, ಹೊತ್ತು ಇಳಿಯುವುದರೊಳಗೆ ಬಂದುಬಿಡೋಣ" ಎಂದು ಹೊರಡಿಸಿದಳು.

ಮೊಣಕಾಲೆತ್ತರದ ಹುಲ್ಲು ಸೀಳಿಕೊಂಡು, ಅಲ್ಲಲ್ಲಿ ನೀಲಿ ಹೂ ಕಂಡಲ್ಲಿ ನಿಂತು ಉಸಿರು ತಗೊಂಡು, ನಡು ಮಧ್ಯಾಹ್ನಕ್ಕೆ ಇಬ್ಬರೂ ಬಂಡೆ ಮುಟ್ಟಿದರು. ಕಡಲು ಕಂಡಿತು. ದುಗ್ಗವ್ವ ಕೂತಲ್ಲಿಂದ ಏಳಲಿಲ್ಲ. ಬೊಮ್ಮಕ್ಕ ಎರಡು ಸಲ ಕರೆದಳು. ಎರಡು ಸಲವೂ ಅತ್ತೆ "ಇನ್ನೊಂದು ಗಳಿಗೆ ಕಣೇ" ಎಂದಳು. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. ಮೊದಲು ಕಡಲು ಅಳಿಸಿಹೋಯಿತು, ಆಮೇಲೆ ಗುಡ್ಡಗಳು, ಕೊನೆಗೆ ಏಣು. ಚಾಚಿದ ಕೈಯ ಬೆರಳೂ ಕಾಣದು. ಎತ್ತ ಹೆಜ್ಜೆಯಿಟ್ಟರೂ ಪ್ರಪಾತವಿರಬಹುದು. ಸೆರಗಿಗೆ ಸೆರಗು ಗಂಟು ಹಾಕಿಕೊಂಡು, ಒಬ್ಬರ ಮೈಬಿಸಿಗೆ ಒಬ್ಬರು ಅಂಟಿ ಕೂತರು. ರಾತ್ರಿ ಕಳೆದು ಬೆಳಗಾದರೂ ಬರೀ ಬಿಳುಪು. ಸೊಸೆಯ ಎದೆ ಹಾಲು ಕಟ್ಟಿ ಕಲ್ಲಾಗಿತ್ತು; ಕುಪ್ಪಸ ತೊಯ್ದಿತ್ತು. ಆಕೆ ಬೈದಿದ್ದರೆ ವಾಸಿಯಿತ್ತು ಎನಿಸಿತು ದುಗ್ಗವ್ವನಿಗೆ.

ಹೊತ್ತು ಮೇಲೇರಿದ ಮೇಲೆ ಮಂಜು ಸ್ವಲ್ಪ ತೆಳುವಾಗಿ ಏಣಿನ ಬೆನ್ನು ಕಂಡಿತು. ದುಗ್ಗವ್ವ ಸೆರಗಿನ ಗಂಟು ಬಿಚ್ಚಿದಳು. "ನೀನು ಓಡು ಬೊಮ್ಮಿ. ನನ್ನ ಕಾಲಿಗೆ ಅಷ್ಟು ಬೇಗ ಆಗುವುದಿಲ್ಲ. ಕೂಸು ಹಸಿದಿದೆ." ಸೊಸೆ ಅನುಮಾನಿಸಿದಳು, ಅತ್ತೆ ಅವಳ ಬೆನ್ನಿಗೆ ಕೈಯಿಟ್ಟು ದೂಡಿದಳು. ಬೊಮ್ಮಕ್ಕ ಆಚೆ ಸೇರುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು.

"ಅತ್ತೆಮ್ಮಾ" ಎಂದು ಕೂಗಿದಳು. ದುಗ್ಗವ್ವ ಓಗೊಡಲಿಲ್ಲ. ತಾನು ಸತ್ತೆನೆಂದು ತಿಳಿದರೆ ಸೊಸೆ ಮನೆಗೆ ಹೋದಾಳು, ಹಾಲು ಕೂಸಿಗೆ ಸೇರೀತು ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೂಗು ಮತ್ತೆ ಮತ್ತೆ ಬಂತು. ಕೊನೆಗೆ ಸೊಸೆಯ ದನಿ ತಣ್ಣಗಾಯಿತು. "ನೀವು ಮಾತಾಡದಿದ್ದರೆ ನಾನು ವಾಪಸು ಬರುತ್ತೇನೆ." ಏಣಿನ ಮೇಲೊಂದು ಕಲ್ಲು ಜಾರಿತು. ಅದು ತಳ ಮುಟ್ಟಿದ ಸದ್ದೇ ಕೇಳಲಿಲ್ಲ.

"ಬರಬೇಡ, ಅಲ್ಲೇ ನಿಲ್ಲು" ಎಂದಳು ದುಗ್ಗವ್ವ. "ಇದ್ದೇನೆ."

"ಹಾಗಾದರೆ ನನ್ನ ದನಿ ಹಿಡಿದು ಬನ್ನಿ."

ಬೊಮ್ಮಕ್ಕ ನಿಂತಲ್ಲೇ ನಿಂತು ಕರೆಯುತ್ತ ಹೋದಳು. ದುಗ್ಗವ್ವ ಒಂದೊಂದು ಕರೆಗೂ ಓಗೊಡುತ್ತ, ಹೊಟ್ಟೆಯ ಮೇಲೆ ತೆವಳುತ್ತ, ಕಣ್ಣು ಮುಚ್ಚಿಯೇ ಏಣು ದಾಟಿದಳು. ಆಚೆ ಅತ್ತೆಯ ಕೈ ಸಿಕ್ಕಾಗ ಸೊಸೆ ಮೊದಲ ಬಾರಿಗೆ ಅತ್ತಳಂತೆ. ಮನೆಯಲ್ಲಿ ಕೂಸು ನೆರೆಯವಳು ಕುಡಿಸಿದ ಗಂಜಿತಿಳಿಯಲ್ಲಿ ಜೀವ ಹಿಡಿದುಕೊಂಡು ಕಾದಿತ್ತು.

ಇಂದಿಗೂ ಚಾರಣಿಗರು ಅಲ್ಲಿಗೆ ಹೋದರೆ ಕೆರೆಮಕ್ಕಿಯ ದಾರಿ ತೋರಿಸುವವರು ಮೊದಲು ಒಬ್ಬರೇ ಏಣು ದಾಟಿ, ತಿರುಗಿ ನಿಂತು, ಹಿಂದಿನವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗುವುದನ್ನು ಕಾಣಬಹುದು. ಬಿಸಿಲು ಎಷ್ಟೇ ನಿಚ್ಚಳವಾಗಿರಲಿ, "ಓ" ಎನ್ನದೆ ಹೆಜ್ಜೆ ಕಿತ್ತವರನ್ನು ಅವರು ಮುಂದಕ್ಕೆ ಬಿಡುವುದಿಲ್ಲ.