ತಲೆ ನೋಯದ ವ್ಯಾಪಾರಿ

"ನನ್ನನ್ನು ಯಾವಾಗ ಕಳಿಸಿಕೊಡುತ್ತೀರಿ?" ಎಂದು ನೀಲಕಂಠ ಗುರುಗಳನ್ನು ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದಲ್ಲಿ ಅವನಷ್ಟು ಬೇಗ ಕಲಿತವರು ಇನ್ನೊಬ್ಬರಿರಲಿಲ್ಲ. ಉಳಿದವರು ಒಂದು ಸೂತ್ರಕ್ಕೆ ವಾರಗಟ್ಟಲೆ ತಿಣುಕುತ್ತಿದ್ದರೆ ಅವನು ಒಮ್ಮೆ ಕೇಳಿ ಮುಂದಿನದಕ್ಕೆ ಹೋಗುತ್ತಿದ್ದ. ಕಿರಿಯರು ಅನುಮಾನ ಹೊತ್ತು ಅವನ ಹತ್ತಿರ ಬಂದರೆ, ಇದರಲ್ಲಿ ಅರ್ಥವಾಗದೇ ಇರುವುದು ಏನಿದೆ ಎಂದು ಕೇಳುತ್ತಿದ್ದ. ಅಣಕಿಸುವುದಕ್ಕಲ್ಲ, ನಿಜಕ್ಕೂ ತಿಳಿಯದೆ ಕೇಳುತ್ತಿದ್ದ. ಈಗ ಪಕ್ಕದ ಪಟ್ಟಣದವರು ಒಂದು ಪಾಠಶಾಲೆ ಕಟ್ಟಿಸಿದ್ದರು. ಅವನೇ ಬಂದು ಪಾಠ ಹೇಳಬೇಕೆಂಬುದು ಅವರ ಆಸೆ. ಗೋಡೆಗೆ ಸುಣ್ಣ ಬಳಿದಾಗಿತ್ತು, ಅವನ ಹೆಸರಿನ ಫಲಕವೂ ಬರೆಸಿಯಾಗಿತ್ತು. ಗುರುಗಳ ಅಪ್ಪಣೆಯೊಂದು ಬಾಕಿ. ಅದು ಸಿಗದಿದ್ದರೆ ಅವರು ಬೇರೊಬ್ಬರನ್ನು ಕರೆಯುತ್ತಾರೆ. ಫಲಕಕ್ಕೆ ಮತ್ತೆ ಬಣ್ಣ ಬಳಿಯುವುದು ದೊಡ್ಡ ಕೆಲಸವೇನಲ್ಲ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕತೆ ಹೇಳತೊಡಗಿದರು. ಅವರು ಕತೆ ಶುರುಮಾಡಿದರೆ ಉತ್ತರ ಸದ್ಯಕ್ಕೆ ಸಿಗುವುದಿಲ್ಲ ಎಂದು ನೀಲಕಂಠನಿಗೆ ಗೊತ್ತಿತ್ತು. ಕಾಲು ಮಡಚಿ ಕೂತ.

ಒಬ್ಬ ವ್ಯಾಪಾರಿ ಇದ್ದ. ಹಿಮಾಲಯದ ಒಂದು ದೊಡ್ಡ ಶಿಖರದ ಬುಡದವರೆಗೆ, ಬೇಸ್ ಕ್ಯಾಂಪ್ ಎನ್ನುತ್ತಾರಲ್ಲ, ಅಲ್ಲಿಯವರೆಗೆ ಹೋಗಿಬರಬೇಕೆಂದು ಅವನಿಗೆ ಆಸೆಯಾಯಿತು. ಹೋಗುವವರ ಒಂದು ಗುಂಪನ್ನು ಸೇರಿಕೊಂಡ. ಗುಂಪಿಗೆ ಒಬ್ಬ ಗೈಡ್. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಹೊರಡುವ ಮೊದಲು ಅವನು ಎಲ್ಲರನ್ನೂ ಕೂರಿಸಿ, ಅಷ್ಟು ಎತ್ತರದಲ್ಲಿ ಗಾಳಿ ತೆಳು, ಮೈ ಅದಕ್ಕೆ ಒಗ್ಗಬೇಕು, ಒಗ್ಗದಿದ್ದರೆ ಮೊದಲು ತಲೆ ನೋಯುತ್ತದೆ, ಆಮೇಲೆ ಬುದ್ಧಿ ಹೋಗುತ್ತದೆ, ಆಮೇಲೆ ಪ್ರಾಣ ಹೋಗುತ್ತದೆ ಎಂದು ಹೇಳಿದ. ಹಾಲಿನ ಲೆಕ್ಕ ಹೇಳಿದಷ್ಟೇ ತಣ್ಣಗೆ ಹೇಳಿದ.

ದಾರಿಯ ನಡುವೆ ಕಲ್ಲುಮನೆಗಳ ಒಂದು ಹಳ್ಳಿ. ಅಲ್ಲಿ ಗೈಡ್ ಗುಂಪನ್ನು ನಿಲ್ಲಿಸಿ, ನಾಳೆ ಮುಂದಕ್ಕೆ ಹೋಗುವುದಿಲ್ಲ ಎಂದ. ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಪಕ್ಕದ ಗುಡ್ಡ ಹತ್ತಿಸಿದ, ಸ್ವಲ್ಪ ಹೊತ್ತು ಮೇಲೆ ಕೂರಿಸಿದ, ಮತ್ತೆ ಅದೇ ಹಳ್ಳಿಗೆ ಇಳಿಸಿ ಮಲಗಿಸಿದ. ಮೈಯನ್ನು ಒಗ್ಗಿಸುವ ಪದ್ಧತಿ ಅದು. ವ್ಯಾಪಾರಿಗೆ ತಮಾಷೆ ಎನಿಸಿತು. ಹತ್ತಿದ್ದನ್ನು ಇಳಿಯುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇ, ನಮ್ಮ ಮನೆಯ ಮೆಟ್ಟಿಲೇ ಸಾಕಿತ್ತಲ್ಲ ಎಂದ. ಯಾರೂ ನಗಲಿಲ್ಲ. ಒಬ್ಬರಿಗೆ ತಲೆ ಸಿಡಿಯುತ್ತಿತ್ತು, ಒಬ್ಬರು ಹೊರಗೆ ಹೋಗಿ ವಾಂತಿ ಮಾಡುತ್ತಿದ್ದರು, ಇನ್ನೊಬ್ಬರಿಗೆ ಅನ್ನ ಕಂಡರೆ ಆಗುತ್ತಿರಲಿಲ್ಲ. ವ್ಯಾಪಾರಿ ತನ್ನ ಪಾಲನ್ನೂ ಉಂಡ, ಅವರು ಬಿಟ್ಟಿದ್ದನ್ನೂ ಉಂಡ.

ಅವನಿಗೆ ಏನೂ ಆಗಲಿಲ್ಲ. ತಲೆ ಕೂಡ ನೋಯಲಿಲ್ಲ. ಬೇಸ್ ಕ್ಯಾಂಪನ್ನು ಎಲ್ಲರಿಗಿಂತ ಮೊದಲು ಮುಟ್ಟಿ, ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡ. ಗೈಡ್ ಭೇಷ್ ಎನ್ನುತ್ತಾನೆಂದು ಕಾದ. ಅವನು ಹಿಂದೆ ಉಳಿದವರನ್ನು ಎಣಿಸುತ್ತಿದ್ದ. ನಿನಗೆ ಈ ತಲೆನೋವು ಗಿಲೆನೋವು ಎಂದಾದರೂ ಬಂದಿದೆಯೇ ಎಂದು ವ್ಯಾಪಾರಿಯೇ ಮಾತು ತೆಗೆದ. ಮೊದಲ ಸಲ ಬಂದಾಗ ತನಗೆ ಸ್ಮೃತಿ ತಪ್ಪಿತೆಂದೂ, ಆ ಕಲ್ಲುಮನೆಗಳ ಹಳ್ಳಿಯ ಆಚೆಯಿಂದ ನಾಲ್ಕು ಜನ ತನ್ನನ್ನು ಹೊತ್ತು ಇಳಿಸಿದರೆಂದೂ ಗೈಡ್ ಹೇಳಿದ. ಊರಿಗೆ ಬಂದ ಮೇಲೆ ವ್ಯಾಪಾರಿ ಅದನ್ನು ಎಲ್ಲರಿಗೂ ಹೇಳಿ ನಕ್ಕ. ದಾರಿ ತೋರಿಸುವವನನ್ನೇ ಹೊತ್ತು ತಂದರಂತೆ ನೋಡಿ, ಅಂಥವನ ಬೆನ್ನ ಹಿಂದೆ ನಾನು ನಡೆದೆ ಎಂದ.

ಹೀಗೆ ಹೇಳುತ್ತ ಹೇಳುತ್ತ ಒಂದು ದಿನ, ನಮ್ಮನ್ನೂ ಕರೆದುಕೊಂಡು ಹೋಗು ಎಂದು ಬೇಕಾದವರು ಗಂಟುಬಿದ್ದರು. ಗೈಡ್ ಯಾಕೆ, ನಾನೇ ಇದ್ದೇನಲ್ಲ ಎಂದು ವ್ಯಾಪಾರಿ ಒಪ್ಪಿಕೊಂಡ. ಹುಡುಗಾಟಕ್ಕೆ ಒಪ್ಪಿದ್ದಲ್ಲ. ತಿಂಗಳುಗಟ್ಟಲೆ ಅದೇ ಕೆಲಸ ಮಾಡಿದ. ಯಾವ ಬೂಟು, ಯಾವ ಉಣ್ಣೆ, ಯಾವ ಊರಿನಲ್ಲಿ ಉಳಿಯುವುದು, ಸಾಮಾನು ಹೊರಲು ಎಷ್ಟು ಹೇಸರಗತ್ತೆ, ಎಲ್ಲ ಗೊತ್ತುಮಾಡಿದ. ದಿನಾ ಬೆಳಿಗ್ಗೆ ಎಲ್ಲರನ್ನೂ ಊರಿನ ಗುಡ್ಡ ಹತ್ತಿಸಿದ. ಅವಲಕ್ಕಿಗೆ ಒಗ್ಗರಣೆ ಎಷ್ಟು ಹಾಕಿದರೆ ಎಷ್ಟು ದಿನ ಕೆಡದೆ ಇರುತ್ತದೆ ಎನ್ನುವುದನ್ನೂ ಪರೀಕ್ಷೆ ಮಾಡಿಸಿದ. ಗೈಡ್ ಹಿಂದೆ ನಡೆಸಿದ ದಾರಿಯನ್ನೇ ಇಟ್ಟುಕೊಂಡ. ತನಗೆ ಬೇಡವಾಗಿದ್ದನ್ನು ಮಾತ್ರ ತೆಗೆದ. ಕಲ್ಲುಮನೆಗಳ ಹಳ್ಳಿಯಲ್ಲಿ ಸುಮ್ಮನೆ ಹತ್ತಿ ಇಳಿದ ಆ ದಿನವನ್ನು ತೆಗೆದ. ಅದರಿಂದ ತನಗೆ ಆದದ್ದೇನೂ ಇಲ್ಲವೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಆ ಯೋಜನೆಯಲ್ಲಿ ಒಂದೂ ತಪ್ಪಿರಲಿಲ್ಲ, ಅವನೊಬ್ಬನೇ ಹೋಗುವುದಾಗಿದ್ದರೆ.

ಗುಂಪಿನಲ್ಲಿ ಅವನ ಅಕ್ಕನ ಗಂಡನೂ ಇದ್ದ. ಶಾಲೆಯ ಮೇಷ್ಟ್ರು, ಸಾಧು ಮನುಷ್ಯ. ಹೊರಡುವ ದಿನ ಅಕ್ಕ ತಮ್ಮನನ್ನು ಒಳಗೆ ಕರೆದಳು.

"ಇವರು ಏನಾದರೂ ಬಾಯಿಬಿಟ್ಟು ಹೇಳುವವರಲ್ಲ ಕಣೋ. ನೀನೇ ನೋಡಿ ತಿಳಿದುಕೊಳ್ಳಬೇಕು."

"ನನ್ನ ಕಣ್ಣೆದುರೇ ಇರುತ್ತಾರೆ, ಬಿಡಕ್ಕ," ಎಂದ ತಮ್ಮ.

ಅವನು ಮಾತಿಗೆ ತಪ್ಪಲಿಲ್ಲ. ಭಾವನನ್ನು ಕಣ್ಣೆದುರೇ ಇಟ್ಟುಕೊಂಡ. ಕಲ್ಲುಮನೆಗಳ ಹಳ್ಳಿ ಬಂದಾಗ, ಅಲ್ಲಿ ಬಂದವರೆಲ್ಲ ಉಳಿಯುವುದು ರೂಢಿಯಾದ್ದರಿಂದ, ಚಹಾದಂಗಡಿಯ ಹೆಂಗಸು ಕೇಳದೆಯೇ ಹಾಸಿಗೆ ಹಾಸತೊಡಗಿದಳು. ವ್ಯಾಪಾರಿ ಬೇಡವೆಂದ. ಚಹಾ ಕುಡಿಸಿ ಎಲ್ಲರನ್ನೂ ಎಬ್ಬಿಸಿದ.

ಅಲ್ಲಿಂದ ಮುಂದೆ ಮೇಷ್ಟ್ರು ಸಾಲಿನ ಕೊನೆಗೆ ಬಿದ್ದರು. ತಲೆ ಸ್ವಲ್ಪ ಭಾರ ಎಂದರು. ಬೆಳಗಿನ ಕಾಫಿ ತಪ್ಪಿದೆ, ಅದಕ್ಕೆ ಎಂದು ವ್ಯಾಪಾರಿ ಹೇಳಿದ. ಮೇಷ್ಟ್ರು ಊಟ ಬಿಟ್ಟರು. ಅಕ್ಕನ ಕೈಯಡುಗೆ ಬೇಕೇನೋ ಎಂದು ಛೇಡಿಸಿದ. ಅವರು ದಾರಿಯಲ್ಲಿ ಎರಡು ಕಡೆ ಮುಗ್ಗರಿಸಿದರು. ಬೂಟು ಹೊಸದು, ಪಳಗಬೇಕು ಎಂದ. ಇದನ್ನೆಲ್ಲ ಅವನು ಉಡಾಫೆಯಿಂದ ಹೇಳಲಿಲ್ಲ. ಕಂಡದ್ದಕ್ಕೆಲ್ಲ ಅವನ ಹತ್ತಿರ ಒಂದೊಂದು ಕಾರಣವಿತ್ತು. ಎಲ್ಲವೂ ಅವನು ಊರಿನಿಂದ ತಂದ ಕಾರಣಗಳು. ಗೈಡ್ ಅಂದು ಹೇಳಿದ ಮಾತನ್ನು ಅವನು ಮರೆತಿರಲಿಲ್ಲ, ಕೇಳಿದ್ದರೆ ತಡವರಿಸದೆ ಒಪ್ಪಿಸುತ್ತಿದ್ದ. ಆದರೆ ಆ ಮಾತು ಕಿವಿಯಲ್ಲಿತ್ತು, ಮೈಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಸ್ ಕ್ಯಾಂಪಿನ ಡೇರೆಗಳು ದೂರದಿಂದ ಕಂಡವು. ಎಲ್ಲರೂ ಒಂದೆಡೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಎದ್ದು ನಿಂತು, ಎದುರಿಗಿದ್ದ ಬಂಡೆಗಳತ್ತ ತಿರುಗಿ, ತಮ್ಮ ಶಾಲೆಯ ಮಕ್ಕಳ ಹಾಜರಿ ಕರೆಯತೊಡಗಿದರು. ರುದ್ರಮುನಿ. ಪುಟ್ಟಲಕ್ಷ್ಮಿ. ಗಂಗಪ್ಪ. ಗಂಗಪ್ಪ ಇವತ್ತೂ ಬಂದಿಲ್ಲವೇ? ಬಂದಿದ್ದೇನೆ ಸಾರ್ ಎಂದು ಗುಂಪಿನಲ್ಲೊಬ್ಬ ಕೈ ಎತ್ತಿದ. ಸುಳ್ಳು ಹೇಳಬೇಡ, ನೀನು ಗಂಗಪ್ಪನಲ್ಲ ಎಂದು ಮೇಷ್ಟ್ರು ಗದರಿ, ತಾವೂ ನಕ್ಕರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ಮತ್ತೆ ಮೊದಲಿನಿಂದ ಕರೆದರು. ರುದ್ರಮುನಿ. ಪುಟ್ಟಲಕ್ಷ್ಮಿ. ಗಂಗಪ್ಪ. ಮುಗಿಸಿ ಮತ್ತೆ ಮೊದಲಿನಿಂದ ಕರೆದರು. ಈ ಸಲ ನಗು ನಿಂತಿತು. ವ್ಯಾಪಾರಿ ಒಬ್ಬನೇ ಇನ್ನೂ ನಗುತ್ತಿದ್ದ. ಭಾವ ಕೊನೆಗೂ ಗೆಲುವಾದರು ಎಂದು ಅವನಿಗೆ ಸಂತೋಷವಾಗಿತ್ತು.

ಆಗ ಮೇಲಿನಿಂದ ಇನ್ನೊಂದು ಗುಂಪು ಇಳಿದು ಬಂತು. ಮುಂದೆ ಇದ್ದವನು ಅದೇ ಗೈಡ್. ಅವನು ಯಾರಿಗೂ ನಮಸ್ಕಾರ ಹೇಳಲಿಲ್ಲ. ನೇರ ಮೇಷ್ಟ್ರ ಹತ್ತಿರ ಬಂದು ಕೈ ಹಿಡಿದುಕೊಂಡ.

"ಇವರು ಎಲ್ಲಿಂದ ಹೀಗಿದ್ದಾರೆ?"

"ಹೀಗೆ ಅಂದರೆ ಹೇಗೆ?" ಎಂದ ವ್ಯಾಪಾರಿ. "ನಗ್ತಾ ಇದ್ದಾರಲ್ಲ."

ಗೈಡ್ ಮೇಷ್ಟ್ರಿಗೆ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಅಂಟಿಸಿ ನಡೆಯಿರಿ ಎಂದ. ಮೇಷ್ಟ್ರು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಡಲು ಹೋಗಿ ಕುಸಿದು ಕೂತರು. ಕೂತಲ್ಲಿಂದಲೇ ರುದ್ರಮುನಿಯನ್ನು ಕರೆದರು. ಗೈಡ್ ಎರಡೂ ಗುಂಪುಗಳನ್ನು ತನ್ನ ಜೊತೆಗಾರನಿಗೆ ಒಪ್ಪಿಸಿದ. ಒಂದು ಹೇಸರಗತ್ತೆಯ ಬೆನ್ನಿನಿಂದ ಸಾಮಾನು ಕೆಳಗೆ ಸುರಿದು, ಮೇಷ್ಟ್ರನ್ನು ಅದರ ಮೇಲೆ ಕಟ್ಟಿ, ಕೆಳಕ್ಕೆ ಹೊಡೆದುಕೊಂಡು ಹೊರಟ. ಅವಲಕ್ಕಿ ದಾರಿಯ ತುಂಬ ಚೆಲ್ಲಿತು. ವ್ಯಾಪಾರಿ ಹಿಂದೆ ಓಡಿದ. ಹೋಗುತ್ತ ಒಂದು ತಿರುವಿನಲ್ಲಿ ನಿಂತು ಡೇರೆಗಳತ್ತ ನೋಡಿದ. ಅವನಿಗೆ ಏದುಸಿರು ಕೂಡ ಬಂದಿರಲಿಲ್ಲ.

ಕಲ್ಲುಮನೆಗಳ ಹಳ್ಳಿಯಲ್ಲೂ ಗೈಡ್ ನಿಲ್ಲಲಿಲ್ಲ. ಇನ್ನೂ ಕೆಳಗೆ, ಮರಗಳು ಶುರುವಾಗುವ ಕಡೆ ನಿಲ್ಲಿಸಿದ. ಅಲ್ಲಿ ಬಹಳ ಹೊತ್ತಿನ ಮೇಲೆ ಮೇಷ್ಟ್ರು ಕಣ್ಣು ತೆರೆದು ಹೆಂಡತಿಯ ತಮ್ಮನನ್ನು ಗುರುತು ಹಿಡಿದರು. ಏನಪ್ಪಾ, ಇನ್ನೂ ನಾವು ಹೊರಟಿಲ್ಲವೇ ಎಂದು ಕೇಳಿದರು. ಬದುಕಿಕೊಂಡರು. ಆದರೆ ಆ ಪ್ರಯಾಣದ ಒಂದು ಹೆಜ್ಜೆಯೂ ಅವರಿಗೆ ಮತ್ತೆ ನೆನಪಾಗಲಿಲ್ಲ.

ವ್ಯಾಪಾರಿ ಗೈಡ್‌ನ ಪಕ್ಕದಲ್ಲಿ ಕೂತ. ಇಡೀ ದಾರಿ ನಾನು ಅವರ ಜೊತೆಗೇ ಇದ್ದೆ, ನನಗೆ ಕಾಣಲಿಲ್ಲ, ನಿನಗೆ ಅಷ್ಟು ದೂರದಿಂದ ಹೇಗೆ ಕಂಡಿತು ಎಂದು ಕೇಳಿದ.

"ಆ ಮೊದಲ ಸಲ ನಾನೂ ಹಾಗೇ ನಕ್ಕಿದ್ದೆನಂತೆ," ಎಂದು ಗೈಡ್ ಹೇಳಿ, ಹೇಸರಗತ್ತೆಗೆ ನೀರು ಕುಡಿಸಲು ಎದ್ದು ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನೀಲಕಂಠ ಕತೆಯನ್ನು ಗಮನವಿಟ್ಟು ಕೇಳಿದ್ದ. ಅದರಲ್ಲಿ ಬಿರುಕು ಎಲ್ಲಿದೆ ಎಂದು ಮುಗಿಯುವ ಮೊದಲೇ ಹುಡುಕಿಯೂ ಇದ್ದ. ಆ ವ್ಯಾಪಾರಿ ಮಾಡಿದ ತಪ್ಪು ಒಂದು ದಿನವನ್ನು ತೆಗೆದುಹಾಕಿದ್ದು, ಅಷ್ಟೇ ಅಲ್ಲವೇ ಎಂದ. ತಾನು ಹಾಗೆ ಮಾಡುವವನಲ್ಲ. ಗುರುಗಳು ಹೇಳಿಕೊಟ್ಟದ್ದರಲ್ಲಿ ಒಂದಕ್ಷರ ಬಿಡುವುದಿಲ್ಲ, ಒಂದಕ್ಷರ ಸೇರಿಸುವುದಿಲ್ಲ. ಎಲ್ಲಿ ನಿಲ್ಲಿಸಿದರೋ ಅಲ್ಲೇ ನಿಲ್ಲಿಸುತ್ತಾನೆ, ಎಷ್ಟು ಸಲ ಹೇಳಿಸಿದರೋ ಅಷ್ಟೇ ಸಲ ಹೇಳಿಸುತ್ತಾನೆ. ಬೇಕಾದರೆ ಈಗಲೇ ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತೇನೆ, ಪರೀಕ್ಷೆ ಮಾಡಿ ಎಂದ. ಇಷ್ಟಾದ ಮೇಲೂ ತಡೆಯುವುದಕ್ಕೆ ಕಾರಣ ಏನಿದೆ ಎಂದು ಕೇಳಿದ.

ಅವನು ಹೇಳಿದ್ದು ನ್ಯಾಯವಾಗಿತ್ತು. ಗುರುಗಳು ಅದನ್ನು ಅಲ್ಲಗಳೆಯಲಿಲ್ಲ. ಒಪ್ಪಿಸು ಎಂದೂ ಹೇಳಲಿಲ್ಲ.

"ಇಷ್ಟು ವರ್ಷದಲ್ಲಿ ನಿನಗೆ ಎಷ್ಟು ಒದ್ದಾಡಿದರೂ ಅರ್ಥವಾಗದೇ ಹೋದ ಒಂದೇ ಒಂದು ಸೂತ್ರ ಹೇಳು. ಹೇಳಿದರೆ ನಾಳೆಯೇ ಹೊರಡು."

ನೀಲಕಂಠ ಕಲಿತ ಸೂತ್ರಗಳನ್ನು ಮೊದಲಿನಿಂದ ಒಂದೊಂದಾಗಿ ನೆನೆಯತೊಡಗಿದ. ಅಂಥದ್ದು ಒಂದೂ ಸಿಗದೆ ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ಶುರುಮಾಡಿದ.