ತಾಂಬೂಲದ ಚೀಲಗಳು

ಶಿಷ್ಯ ಕೇಳಿದ: “ಗುರುಗಳೇ, ನಾಳೆ ಮಗುವಿಗೆ ಹೆಸರಿಡಬೇಕು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ನನ್ನ ತಮ್ಮನ ಹೆಸರನ್ನೇ ಇಡು ಎಂದು ಅಮ್ಮ ಹೇಳುತ್ತಾಳೆ. ತೊಟ್ಟಿಲ ಮುಂದೆ ನಿಂತು ಆ ಹೆಸರು ಕರೆಯಲು ನನಗೆ ಭಯ. ಹೆಸರಿನ ಹಿಂದೆಯೇ ಸಾವೂ ಬಂದರೆ?”

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಕಾಗದದ ಚೀಲ ಮಾಡುತ್ತಿದ್ದಳು. ರದ್ದಿ ಅಂಗಡಿಯಿಂದ ಹಳೆಯ ಲಗ್ನಪತ್ರಿಕೆಗಳನ್ನು ತರುವಳು. ಅಕ್ಷರ ಒಳಗೆ ಹೋಗುವಂತೆ ಮಡಿಸಿ ಅಂಟಿಸುವಳು. ದರ್ಜಿ ಎಸೆದ ಜರಿಯ ತುಣುಕನ್ನು ಅಂಚಿಗೆ ಹಚ್ಚುವಳು. ನೋಡಿದವರು ಅದನ್ನು ಹಳೆಯ ಕಾಗದ ಎನ್ನುತ್ತಿರಲಿಲ್ಲ.

ಒಬ್ಬ ವರ್ತಕ ಮಗಳ ಮದುವೆಗೆ ಚೀಲ ಮಾಡಲು ಹೇಳಿದ. ಬಂದವರು ಹೊರಡುವಾಗ ಕೊಡುವ ತಾಂಬೂಲಕ್ಕೆ. ಅಡಿಕೆ, ಅರಿಶಿನ, ಕುಂಕುಮ, ರವಿಕೆ ಕಣ ಎಲ್ಲವನ್ನೂ ಅವಳೇ ತುಂಬಿಟ್ಟಳು.

ಮದುವೆಯ ಹಿಂದಿನ ದಿನ, ಕತ್ತರಿಸಿ ಉಳಿದ ಕಾಗದ ಗುಡಿಸುವಾಗ ಒಂದು ಚೂರು ಕಣ್ಣಿಗೆ ಬಿತ್ತು. ಅದರಲ್ಲಿ ‘ದುಃಖತಪ್ತರು’ ಎಂದಿತ್ತು. ಅದು ಯಾರದೋ ಉತ್ತರಕ್ರಿಯೆಯ ಕಾಗದ. ಅದನ್ನು ಓದಿದ ಮೇಲೆ ಹೊಸ್ತಿಲ ಹೊರಗೇ ಹರಿದು ಹಾಕುವುದು ವಾಡಿಕೆ. ಯಾವುದೋ ಮನೆಯವರು ಮರೆತು ರದ್ದಿಗೆ ಹಾಕಿದ್ದರು. ಉಳಿದ ಭಾಗ ಆಗಲೇ ಚೀಲವಾಗಿತ್ತು.

ಅವಳು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹುಡುಗಿಗೆ ಏನಾದರೂ ಆದರೆ? ಚೀಲ ಒಯ್ಯಲು ಬಂದ ವರ್ತಕನಿಗೆ ಆ ಚೂರನ್ನು ತೋರಿಸಿದಳು.

“ಯಾವ ಚೀಲದಲ್ಲಿದೆ?”

“ಗೊತ್ತಿಲ್ಲ ಸಾಹುಕಾರರೇ. ಹೊರಗಿನಿಂದ ಎಲ್ಲ ಒಂದೇ.”

“ಹಾಗಾದರೆ ಎಲ್ಲದರಲ್ಲೂ ಇದೆ ಅಂತಲೇ ಲೆಕ್ಕ. ಬಿಚ್ಚು.”

ಮೊದಲ ಚೀಲ ಬಿಚ್ಚಿದಳು. ಒಳಗೆ ‘ದಿವಂಗತ’ ಎಂದಿತ್ತು. ವರ್ತಕ ಹಿಂದೆ ಸರಿದ. ಪೂರ್ತಿ ಬಿಡಿಸಿದಾಗ ಅದು ಲಗ್ನಪತ್ರಿಕೆಯೇ. ವಧು ದಿವಂಗತರೊಬ್ಬರ ಮೊಮ್ಮಗಳು. ಇನ್ನೊಂದರಲ್ಲಿ ವರನ ತಂದೆ ದಿವಂಗತ. ಮತ್ತೊಂದರಲ್ಲಿ ‘ಕೈಲಾಸವಾಸಿ’. ಬಿಚ್ಚಿದಷ್ಟೂ ಸತ್ತವರ ಹೆಸರು. ಕೊನೆಗೆ ಆ ಚೂರಿನ ಅಂಚಿಗೆ ಸರಿಯಾಗಿ ಕೂಡುವ ಕಾಗದ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟೇ: ‘ಎಲ್ಲರೂ ಮನೆಮಂದಿಯೊಂದಿಗೆ ಬಂದು ಊಟ ಮಾಡಿಕೊಂಡು ಹೋಗಬೇಕು.’

“ಇದೊಂದನ್ನು ಸುಟ್ಟುಬಿಡುತ್ತೇನೆ. ಉಳಿದವನ್ನು ಮತ್ತೆ ಅಂಟಿಸಿಕೊಡುತ್ತೇನೆ” ಎಂದಳು.

“ಬೇಡ. ಚೀಲ, ಅದರೊಳಗಿದ್ದದ್ದು, ಎಲ್ಲವನ್ನೂ ಹೊಳೆಗೆ ಹಾಕು.”

“ಹಾಗಾದರೆ ಪೇಟೆಯಿಂದಾದರೂ ಬೇರೆ ಚೀಲ ತರಿಸಿ.”

“ಅದರೊಳಗೆ ಏನಿದೆಯೋ, ಯಾರು ಕಂಡರು?”

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ “ಮದುವೆ ನಡೆಯಿತೇ?” ಎಂದು ಕೇಳಿದ.

“ನಡೆಯಿತು. ಬಂದವರೆಲ್ಲ ಉಂಡು, ಸಾವಿನ ಮನೆಯಿಂದ ಹೊರಡುವವರ ಹಾಗೆ ಬರಿಗೈಯಲ್ಲಿ ಹೋದರು.”